ಹವಾ ತಿನ್ನಲು ಬಂದವರು, ಹೊರೆ ಹೊತ್ತವರು

ಉರ್ದುವಿನಲ್ಲಿ 'ಹವಾಖೋರಿ' ಎಂಬ ಸೊಗಸಾದ ಮಾತೊಂದಿದೆ. ಅಕ್ಷರಶಃ ಅರ್ಥ 'ಗಾಳಿ ತಿನ್ನುವುದು'. ಯಾವ ಕೆಲಸವೂ ಇಲ್ಲದೆ, ಯಾವ ಊರನ್ನೂ ಮುಟ್ಟಬೇಕಿಲ್ಲದೆ, ಕೈಬೀಸಿಕೊಂಡು ಹೋಗಿ ಬರುವುದಕ್ಕೆ ಈ ಹೆಸರು. ನಮ್ಮ 'ವಾಯುಸೇವನೆ' ಇದರ ಅಣ್ಣನಂಥದು, ಸ್ವಲ್ಪ ಗಂಭೀರ ಮುಖದವನು. ಇನ್ನೊಂದು ಪದ 'ಸೈರ್'. ವಿಹಾರ ಎಂದರ್ಥ. ಇದು ಅರಬಿಯಿಂದ ಬಂದದ್ದು. ಭೂಮಿಯ ಮೇಲೆ ಸಂಚರಿಸಬೇಕು, ಹಿಂದೆ ಬಾಳಿದವರ ಗತಿ ಏನಾಯಿತೆಂದು ಕಣ್ಣಾರೆ ಕಾಣಬೇಕು ಎಂದು ಕುರ್‌ಆನ್ ಹಲವು ಕಡೆ ಹೇಳುವಾಗ ಬಳಸುವ ಕ್ರಿಯಾಪದದ ಧಾತುವೂ ಇದೇ. ಅಲ್ಲಿ ಅದು ಪಾಠ ಕಲಿಯುವ ಸಂಚಾರ. ನಮ್ಮಲ್ಲಿಗೆ ಬರುವ ಹೊತ್ತಿಗೆ ಪಾಠ ಹಿಂದೆ ಉಳಿಯಿತು, ವಿಹಾರ ಮುಂದೆ ಬಂತು.

ಉತ್ತರಾಖಂಡದ ಕುಮಾವೂನ್ ಬೆಟ್ಟಗಳ ನಡುವಿನ ನೈನಿತಾಲ್ ಈ ಎರಡು ಪದಗಳಿಗಾಗಿಯೇ ಕಟ್ಟಿದ ಊರಿನಂತಿದೆ. ಸಮುದ್ರಮಟ್ಟದಿಂದ 1,900 ಮೀಟರಿಗೂ ಎತ್ತರದಲ್ಲಿ, ಮೂರು ಕಡೆ ಬೆಟ್ಟಗಳ ತೋಳಿನೊಳಗೆ ಒಂದು ಸರೋವರ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್, ಅಗಲ ಅರ್ಧ ಕಿಲೋಮೀಟರಿಗೂ ಕಡಿಮೆ, ಅತಿ ಆಳದ ಜಾಗದಲ್ಲಿ 27 ಮೀಟರ್. ನೀರು ಹೊರಹರಿಯುವ ತುದಿ ತಲ್ಲೀತಾಲ್, ಎಂದರೆ ಕೆಳಗಿನ ಕೆರೆ. ಎದುರು ತುದಿ ಮಲ್ಲೀತಾಲ್, ಮೇಲಿನ ಕೆರೆ. ಬಸ್ಸಿಳಿಯುವ ತಲ್ಲೀತಾಲಿನಿಂದ ಹೊರಟರೆ ಬಲಗಡೆ ಶೇರ್-ಕಾ-ಡಾಂಡಾ ಬೆಟ್ಟದ ಬುಡದಲ್ಲಿ ಅಂಗಡಿ ಹೋಟೆಲುಗಳ ಮಾಲ್ ರಸ್ತೆ. ಅದು ಮುಗಿಯುವಲ್ಲಿ 'ಫ್ಲಾಟ್ಸ್' ಎಂದು ಕರೆಯುವ ಬಯಲು. ಬಯಲಿನ ಆಸುಪಾಸಿನಲ್ಲೇ ನೈನಾದೇವಿ ದೇವಾಲಯ, ಗುರುದ್ವಾರ, ಜಾಮಾ ಮಸೀದಿ. ಅಲ್ಲಿಂದ ಅಯಾರ್‌ಪಾಟಾ ಬೆಟ್ಟದ ನೆರಳಿನಲ್ಲಿ ಹಿಂದಿರುಗಿ ಬರುವ ಕಾಲುದಾರಿಗೆ 'ಠಂಡೀ ಸಡಕ್' ಎಂದು ಹೆಸರು. ಹೆಸರಿಗೆ ತಕ್ಕಂತೆ ತಣ್ಣನೆಯ ರಸ್ತೆ. ಅಲ್ಲಿ ವಾಹನದ ಕಾಟವಿಲ್ಲ. ದಾರಿಯಲ್ಲಿ ಬಂಡೆಗೆ ಅಂಟಿಕೊಂಡಂತೆ ಪಾಷಾಣದೇವಿಯ ಗುಡಿ. ಪೂರಾ ಒಂದು ಸುತ್ತು ಮೂರೂವರೆ ಕಿಲೋಮೀಟರಿನ ಆಸುಪಾಸು. ನಿಧಾನವಾಗಿ ನಡೆದರೂ ಒಂದು ಗಂಟೆ, ಒಂದೂವರೆ ಗಂಟೆ.

ಇಷ್ಟು ಸಣ್ಣ ಸುತ್ತಿನಲ್ಲಿ ನೂರೆಂಬತ್ತು ವರ್ಷಗಳ ಚರಿತ್ರೆ ಇದೆ. ಪ್ರವಾಸಿ ಕೈಪಿಡಿಗಳು ಅದನ್ನು ಶೋಧಕರ, ಸಾಹೇಬರ, ಬಂಗಲೆಗಳ ಚರಿತ್ರೆಯಾಗಿ ಹೇಳುತ್ತವೆ. ಬೇರೆ ಒಂದು ಪ್ರಶ್ನೆ ಹಿಡಿದು ಅದೇ ದಾರಿಯಲ್ಲಿ ನಡೆಯಬಹುದು. ಈ ಕೆರೆಯ ದಂಡೆಯಲ್ಲಿ ಕೈಬೀಸಿಕೊಂಡು ನಡೆದವರು ಯಾರು? ಅವರ ಕೈ ಖಾಲಿಯಿರಲೆಂದು ಅವರ ಹೊರೆಯನ್ನು ಹೊತ್ತವರು ಯಾರು?

ತಲೆಯ ಮೇಲಿನ ಕಲ್ಲು

1815ರಲ್ಲಿ ಗೂರ್ಖರನ್ನು ಸೋಲಿಸಿ ಈಸ್ಟ್ ಇಂಡಿಯಾ ಕಂಪನಿ ಕುಮಾವೂನನ್ನು ವಶಪಡಿಸಿಕೊಂಡಿತು. ಆದರೆ ಇಪ್ಪತ್ತೈದು ವರ್ಷ ಕಳೆದರೂ ನೈನಿತಾಲ್ ನಕ್ಷೆಯ ಮೇಲೆ ಮುಖ್ಯ ಊರಾಗಿ ಬರಲಿಲ್ಲ. ಊರೇ ಇರಲಿಲ್ಲ. ಸುತ್ತಲ ಹಳ್ಳಿಗರಿಗೆ ಅದು ದೇವಿಯ ಕೆರೆ. ಸತಿಯ ಕಣ್ಣು ಬಿದ್ದ ಜಾಗವೆಂದು ನಂಬಿಕೆ. ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ಹೋಗುತ್ತಿದ್ದರು, ಯಾರೂ ಅಲ್ಲಿ ಮನೆ ಕಟ್ಟುತ್ತಿರಲಿಲ್ಲ. ಕುಮಾವೂನಿನ ಕಮಿಷನರ್ ಆಗಿದ್ದ ಟ್ರೇಲ್ ಈ ಸರೋವರವನ್ನು ನೋಡಿದ್ದನೆಂದೂ, ಅದರ ಪಾವಿತ್ರ್ಯ ಕೆಡಬಾರದೆಂದು ತನ್ನವರಿಗೆ ಹೇಳದೆ ಉಳಿದನೆಂದೂ ಪ್ರತೀತಿ.

1841ರ ನವೆಂಬರಿನಲ್ಲಿ ಬಂದವನು ಪೀಟರ್ ಬ್ಯಾರನ್. ಶಹಜಹಾನ್‌ಪುರದ ಹತ್ತಿರ ರೋಸಾದಲ್ಲಿ ಸಕ್ಕರೆ ವ್ಯಾಪಾರ ಮಾಡುತ್ತಿದ್ದ ಇಂಗ್ಲಿಷಿನವನು. ಬೆಟ್ಟ ಸುತ್ತುವ ಹುಚ್ಚಿನವನು. 'ಪಿಲ್‌ಗ್ರಿಮ್', ಎಂದರೆ ಯಾತ್ರಿಕ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ. ಅವನ ಹಿಮಾಲಯ ಸಂಚಾರದ ಪುಸ್ತಕ 1844ರಲ್ಲಿ ಆಗ್ರಾದಲ್ಲಿ ಅಚ್ಚಾಯಿತು. ನೈನಿತಾಲ್ ಕಂಡ ಬಗೆಯನ್ನು ಅವನೇ ತಮಾಷೆಯಾಗಿ ಹೇಳಿಕೊಂಡಿದ್ದಾನೆ.

ಕೆರೆಯ ದಾರಿ ಕೇಳಿದರೆ ಬೆಟ್ಟದ ಜನ ಗೊತ್ತಿಲ್ಲ ಎನ್ನುತ್ತಿದ್ದರು. ಬ್ಯಾರನ್ ಒಂದು ಉಪಾಯ ಹೂಡಿದ. ದಾರಿ ಗೊತ್ತಿಲ್ಲವೆಂದ ಮಾರ್ಗದರ್ಶಿಯ ತಲೆಯ ಮೇಲೆ ದೊಡ್ಡದೊಂದು ಕಲ್ಲು ಹೊರಿಸಿದ. ಇದನ್ನು ನೈನಿತಾಲಿಗೆ ಹೊತ್ತು ತರಬೇಕು, ಅಲ್ಲಿ ಮನೆ ಕಟ್ಟುವುದಿದೆ, ಆದರೆ ಅಲ್ಲಿ ಕಲ್ಲು ಸಿಗುವುದಿಲ್ಲವಂತೆ ಎಂದ. ಬೆಟ್ಟದ ದಾರಿಯಲ್ಲಿ ಸ್ವಲ್ಪ ದೂರ ಹೊತ್ತು ಸುಸ್ತಾದ ಆ ಮನುಷ್ಯ, ಅಲ್ಲಿ ಕಲ್ಲಿಗೇನೂ ಬರವಿಲ್ಲ ಎಂದು ಬಾಯಿಬಿಟ್ಟ. ಅಲ್ಲಿಗೆ ಹೋಗಿದ್ದವನಿಗೆ ಮಾತ್ರ ಗೊತ್ತಿರಬಹುದಾದ ಸಂಗತಿ ಅದು. ಸುಳ್ಳು ಬಯಲಾಯಿತು, ದಾರಿ ತೆರೆಯಿತು.

ಈ ಕತೆಯನ್ನು ನೂರೆಂಬತ್ತು ವರ್ಷಗಳಿಂದ ಜಾಣತನದ ಕತೆಯೆಂದು ನಗುತ್ತ ಹೇಳುತ್ತ ಬಂದಿದ್ದಾರೆ. ಆ ಮಾರ್ಗದರ್ಶಿಯ ಕಡೆಯಿಂದ ಕೇಳಿದರೆ ನಗು ಬರುವುದಿಲ್ಲ. ಅವನು ಕಾಪಾಡಲು ಬಯಸಿದ್ದು ತನ್ನ ಜನರ ಪವಿತ್ರ ಜಾಗವನ್ನು. ಅವನಿಗಿದ್ದ ಆಯುಧ ಮೌನ ಒಂದೇ. ಅದನ್ನು ಮುರಿಯಲು ಅಪ್ಪಣೆಯೊಂದಿಗೆ ಒಂದು ಕಲ್ಲು ಸಾಕಾಯಿತು. ವಿಹಾರಿಯೊಬ್ಬ ನೈನಿತಾಲಿಗೆ ಬಂದದ್ದು ಹೀಗೆ, ಇನ್ನೊಬ್ಬನ ತಲೆಯ ಮೇಲೆ ಭಾರ ಹೊರಿಸಿ.

1842ರ ಡಿಸೆಂಬರಿನಲ್ಲಿ ಬ್ಯಾರನ್ ಮತ್ತೆ ಬಂದ. ಈ ಸಲ ಇಪ್ಪತ್ತು ಅಡಿ ಉದ್ದದ ದೋಣಿಯನ್ನೇ ಬಯಲುಸೀಮೆಯಿಂದ ಬೆಟ್ಟಕ್ಕೆ ಹೊರಿಸಿಕೊಂಡು ಬಂದಿದ್ದ. ಅಷ್ಟರಲ್ಲಿ ಆ ಪ್ರದೇಶದ ಥೋಕ್‌ದಾರ್ ನರಸಿಂಗ್, ಕೆರೆಯೂ ಸುತ್ತಲ ನೆಲವೂ ತನ್ನದೆಂದು ಹಕ್ಕು ಸಾಧಿಸುತ್ತಿದ್ದ. ಥೋಕ್‌ದಾರ್ ಎಂದರೆ ಹಲವು ಹಳ್ಳಿಗಳ ಮುಖಂಡ. ಬ್ಯಾರನ್ ಅವನನ್ನು ನಯವಾಗಿ ದೋಣಿ ಹತ್ತಿಸಿಕೊಂಡು ಕೆರೆಯ ನಡುಮಧ್ಯಕ್ಕೆ ಒಯ್ದ. ಅಲ್ಲಿ ತನ್ನ ಟಿಪ್ಪಣಿ ಪುಸ್ತಕ ತೆಗೆದು, ಹಕ್ಕು ಬಿಟ್ಟುಕೊಟ್ಟೆನೆಂದು ಬರೆದುಕೊಡು, ಇಲ್ಲವಾದರೆ ನೀರಿಗೆ ತಳ್ಳುತ್ತೇನೆ ಎಂದು ಬೆದರಿಸಿದ. ಈಜು ಬಾರದ ನರಸಿಂಗ್ ಬರೆದುಕೊಟ್ಟ. ಮುಂದೆ ಅದೇ ನರಸಿಂಗನಿಗೆ ಹೊಸ ಊರಿನ ಪಟ್ವಾರಿ ಕೆಲಸ ಸಿಕ್ಕಿತು. ನಮ್ಮ ಕಡೆ ಹೇಳುವುದಾದರೆ ಶಾನುಭೋಗಿಕೆ. ಯಜಮಾನನಾಗಿದ್ದವನು ಯಜಮಾನಿಕೆ ಕಳೆದುಕೊಂಡ ನೆಲಕ್ಕೆ ಲೆಕ್ಕ ಬರೆಯುವವನಾದ.

ಹೆಗಲ ಮೇಲೆ ಬಂದ ಊರು

ಊರು ಬೇಗ ಬೆಳೆಯಿತು. ಕಮಿಷನರ್ ಲಷಿಂಗ್ಟನ್ ನಿವೇಶನ ಹಂಚಿದ. ಬ್ಯಾರನ್ 'ಪಿಲ್‌ಗ್ರಿಮ್ ಲಾಡ್ಜ್' ಕಟ್ಟಿಕೊಂಡ. 1844ರಲ್ಲಿ ಬಂದ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಕಾಡಿನ ನಡುವೆ ಚರ್ಚಿಗೆ ಜಾಗ ಆರಿಸಿದ. 'ಸೇಂಟ್ ಜಾನ್ ಇನ್ ದಿ ವಿಲ್ಡರ್‌ನೆಸ್', ಎಂದರೆ ಕಾಡಿನ ಸಂತ ಯೋಹಾನ, ಎಂಬ ಹೆಸರಿನ ಆ ಚರ್ಚು 1848ರಲ್ಲಿ ತೆರೆಯಿತು. 1862ರಿಂದ ನೈನಿತಾಲ್ ವಾಯವ್ಯ ಪ್ರಾಂತ್ಯದ ಬೇಸಿಗೆ ರಾಜಧಾನಿ. ಪ್ರತಿವರ್ಷ ಬಿಸಿಲು ಏರುತ್ತಿದ್ದಂತೆ ಲೆಫ್ಟಿನೆಂಟ್ ಗವರ್ನರನ ಇಡೀ ಸರಕಾರವೇ ಕಡತ, ಗುಮಾಸ್ತ, ಬಾಣಸಿಗರ ಸಮೇತ ಬೆಟ್ಟ ಹತ್ತುತ್ತಿತ್ತು.

ಹತ್ತಿದ್ದು ಹೇಗೆ? ಬೆಟ್ಟದ ಕೆಳಗಿನ ಕಾಠಗೋದಾಮಿಗೆ ರೈಲು ಬಂದದ್ದು 1884ರಲ್ಲಿ. ಅದಕ್ಕೆ ಮುಂಚೆ ತಪ್ಪಲಿನಿಂದಲೂ, ಆ ಮೇಲೆ ಕಾಠಗೋದಾಮಿನಿಂದಲೂ, ಕುದುರೆ ಏರಲಾಗದವರಿಗೆ ಇದ್ದ ಸಾಧನ ಡಾಂಡಿ. ಗಳುಗಳಿಗೆ ಕಟ್ಟಿದ ಕುರ್ಚಿಯಂಥ ಆಸನವನ್ನು ಆಳುಗಳು ಹೆಗಲ ಮೇಲೆ ಹೊರುತ್ತಿದ್ದರು. ಮೇಮ್‌ಸಾಹೇಬರು, ಮಕ್ಕಳು, ಕಾಯಿಲೆಯವರು ಅದರಲ್ಲಿ. ಪಿಯಾನೋ, ಪೆಟ್ಟಿಗೆ, ಪಿಂಗಾಣಿ, ಮದ್ಯದ ಬಾಟಲಿ ಕೂಲಿಗಳ ಬೆನ್ನ ಮೇಲೆ. ಊರೊಳಗಿನ ಸಂಜೆಯ ಹವಾಖೋರಿಗೂ ಡಾಂಡಿಗಳು ಸಾಲುಗಟ್ಟುತ್ತಿದ್ದವು. ಗಾಳಿ ತಿನ್ನಲು ಹೊರಟವರಿಗೆ ಉಸಿರು ಕಟ್ಟದಿರಲೆಂದು ಬೇರೆ ನಾಲ್ವರು ಏದುಸಿರು ಬಿಡುತ್ತಿದ್ದರು.

ಈ ಊರಿನ ಮಗನೇ ಆದ ಜಿಮ್ ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ. ತಾಯಿ ಮೇರಿ ಜೇನ್ ಬೇಸಿಗೆಗೆ ಬರುವವರಿಗೆ ಮನೆ ಬಾಡಿಗೆಗೆ ಕೊಡಿಸುವ ವ್ಯವಹಾರ ನಡೆಸುತ್ತಿದ್ದಳು. ಮಗ ಹುಲಿ ಬೇಟೆಯಿಂದ ಲೋಕಪ್ರಸಿದ್ಧನಾದ. ಆದರೆ ಅವನು ಎರಡು ದಶಕಗಳ ಕಾಲ ದುಡಿದದ್ದು ಗಂಗೆಯ ದಡದ ಮೊಕಾಮೆ ಘಾಟಿನಲ್ಲಿ, ಒಂದು ರೈಲಿನ ಸರಕನ್ನು ಇನ್ನೊಂದಕ್ಕೆ ದಾಟಿಸುವ ಹಮಾಲರ ಗುತ್ತಿಗೆದಾರನಾಗಿ. ಹೊರುವವರ ಬದುಕನ್ನು ಹತ್ತಿರದಿಂದ ಕಂಡಿದ್ದರಿಂದಲೇ ಇರಬೇಕು, 'ಮೈ ಇಂಡಿಯಾ' ಪುಸ್ತಕವನ್ನು ಅವನು ಈ ದೇಶದ ಬಡವರಿಗೆ ಅರ್ಪಿಸಿದ.

1880ರ ಸೆಪ್ಟೆಂಬರ್ 18

ನೈನಿತಾಲಿನ ಬೆಟ್ಟಗಳು ಗಟ್ಟಿ ಬಂಡೆಯವಲ್ಲ. ಶೇರ್-ಕಾ-ಡಾಂಡಾ ಬೆಟ್ಟ ಪದರ ಪದರವಾಗಿ ಬಿರುಕು ಬಿಡುವ ಕಲ್ಲಿನದು. ಮೂವತ್ತು ನಲವತ್ತು ವರ್ಷಗಳಲ್ಲಿ ಅಲ್ಲಿ ಮರ ಕಡಿದರು, ಇಳಿಜಾರನ್ನು ಕೊರೆದು ಮಟ್ಟಮಾಡಿ ಬಂಗಲೆ ಕಟ್ಟಿದರು. ಮಳೆನೀರು ಹರಿದುಹೋಗಲು ತಕ್ಕ ಕಾಲುವೆ ಇರಲಿಲ್ಲ. 1866ರಲ್ಲೂ 1879ರಲ್ಲೂ ಬೆಟ್ಟ ಜಾರಿ ಎಚ್ಚರಿಕೆ ಕೊಟ್ಟಿತ್ತು.

1880ರ ಸೆಪ್ಟೆಂಬರ್ 16ರಂದು ಹಿಡಿದ ಮಳೆ ಬಿಡಲೇ ಇಲ್ಲ. 18ರ ಶನಿವಾರ ಬೆಳಿಗ್ಗೆ ವಿಕ್ಟೋರಿಯಾ ಹೋಟೆಲಿನ ಹಿಂದಿನ ಗುಡ್ಡ ಸ್ವಲ್ಪ ಜಾರಿ ಕೆಲವರು ಮಣ್ಣಿನಡಿ ಸಿಕ್ಕಿದರು. ಅವರನ್ನು ಹೊರತೆಗೆಯಲು ಸೈನಿಕರು, ಅಧಿಕಾರಿಗಳು, ಕೂಲಿಗಳು ಒಟ್ಟಾಗಿ ಅಗೆಯುತ್ತಿದ್ದರು. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಇಡೀ ಇಳಿಜಾರೇ ಕಳಚಿ ಬಂತು. ಹೋಟೆಲು, ಅದರ ಕೆಳಗಿನ ಅಂಗಡಿ, ಸಾಹೇಬರು ಕೂಡಿ ನಲಿಯುತ್ತಿದ್ದ ಸಭಾಭವನ, ದಂಡೆಯ ಮೇಲಿನ ನೈನಾದೇವಿಯ ಗುಡಿ, ಎಲ್ಲವನ್ನೂ ಎಳೆದುಕೊಂಡು ಮಣ್ಣು ಕೆರೆಗೆ ಇಳಿಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸತ್ತವರು 151 ಮಂದಿ. ಯುರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು ಸೇರಿ 43, ಭಾರತೀಯರು 108. ಚರ್ಚಿನ ಹಿತ್ತಾಳೆ ಫಲಕದಲ್ಲಿ ಸತ್ತ ಬಿಳಿಯರ ಹೆಸರುಗಳಿವೆ. ನೈನಿತಾಲಿನ ಚರಿತ್ರೆಯನ್ನು ಯಾರೇ ಬರೆಯಲಿ, 108 ಎಂಬುದು ಸಂಖ್ಯೆಯಾಗಿಯೇ ಬರುತ್ತದೆ. ಅಗೆಯಲು ಬಂದ ಕೂಲಿಗಳು, ಹೋಟೆಲಿನ ಆಳುಗಳು, ಅಂಗಡಿಯ ಸಹಾಯಕರು ಯಾವ ಹಳ್ಳಿಯವರು, ಯಾರ ಮಕ್ಕಳು ಎಂದು ಅದು ಹೇಳುವುದಿಲ್ಲ.

ಜಾರಿಬಂದ ಮಣ್ಣು ಕೆರೆಯ ತುದಿಯ ಬಯಲನ್ನು ಹಿಗ್ಗಿಸಿತು. ಇಂದು ಪ್ರವಾಸಿಗರು ಚಾಟ್ ತಿನ್ನುತ್ತ ಅಡ್ಡಾಡುವ, ಹುಡುಗರು ಕ್ರಿಕೆಟ್ ಆಡುವ ಫ್ಲಾಟ್ಸ್ ಬಯಲು ಬಹುಮಟ್ಟಿಗೆ ಆ ಮಣ್ಣಿನ ಮೇಲೆಯೇ ನಿಂತಿದೆ. ದೇವಿಯ ಗುಡಿಯನ್ನು 1883ರಲ್ಲಿ ಈಗಿನ ಜಾಗದಲ್ಲಿ ಮತ್ತೆ ಕಟ್ಟಿದರು. ದುರಂತದ ನಂತರ ಸರಕಾರ ಬೆಟ್ಟದ ತುಂಬ ಕಲ್ಲಿನ ಕಾಲುವೆಗಳ ಜಾಲ ಹೆಣೆಯಿತು. ಗವರ್ನರನ ಬಂಗಲೆಯೂ ಬಿರುಕು ಬಿಟ್ಟಾಗ ಅದನ್ನು ತೊರೆದು ಎದುರಿನ ಅಯಾರ್‌ಪಾಟಾ ಬೆಟ್ಟದಲ್ಲಿ ಹೊಸದನ್ನು ಕಟ್ಟಿಕೊಂಡರು. ಊರನ್ನು ನೂರಾರು ವರ್ಷ ಕಾಯುವ ಕಾಲುವೆಗಳನ್ನು ಕಟ್ಟಿದ ಕೈಗಳೂ ಹೆಸರಿಲ್ಲದವೇ.

ಎರಡು ರಸ್ತೆ

ನೈನಿತಾಲಿನ ಮಾಲ್ ಒಂದಲ್ಲ, ಎರಡು. ಒಂದರ ಮೇಲೊಂದು ಮೆಟ್ಟಿಲಿನಂತೆ ಕೆರೆಯ ಉದ್ದಕ್ಕೂ ಜೊತೆಜೊತೆಯಾಗಿ ಸಾಗುತ್ತವೆ. ಮೇಲಿನದು ಸಾಹೇಬರಿಗೆ, ಕೆಳಗಿನದು ಭಾರತೀಯರಿಗೂ ಕುದುರೆಗಳಿಗೂ ಎಂಬ ಕಟ್ಟಳೆಯ ನೆನಪನ್ನು ಊರಿನ ಹಿರಿಯ ತಲೆಮಾರು ಮುಂದಿನವರಿಗೆ ದಾಟಿಸಿದೆ. ಎರಡರ ನಡುವಿನ ಎತ್ತರ ಕೆಲವೇ ಅಡಿ. ಜಾತಿಯ ಊರುಗಳಲ್ಲಿ ಬೆಳೆದ ನಮಗೆ ಇದು ಹೊಸದೇನಲ್ಲ. ಯಾವ ಬೀದಿಯಲ್ಲಿ ಯಾರು ಚಪ್ಪಲಿ ಮೆಟ್ಟಿ ನಡೆಯಬಹುದು, ಯಾರು ಕೈಯಲ್ಲಿ ಹಿಡಿದು ನಡೆಯಬೇಕು ಎಂಬ ಲೆಕ್ಕ ಸಾಹೇಬರು ಬರುವ ಮುಂಚೆಯೇ ನಮ್ಮಲ್ಲಿತ್ತು. ಅವರು ಅದಕ್ಕೆ ಕೆರೆಯ ದಂಡೆಯಲ್ಲಿ ಕಲ್ಲಿನ ಕಟ್ಟೆ ಕಟ್ಟಿದರು.

ಆದರೆ ರಸ್ತೆಯ ಮೇಲಿನ ಅವಮಾನಕ್ಕಿಂತ ದೊಡ್ಡ ಹಿಂಸೆ ನೈನಿತಾಲಿನ ಹೊರಗೆ, ವಿಹಾರಿಗಳ ಕಣ್ಣಿಗೆ ಚಿತ್ರದಂತೆ ಕಾಣುತ್ತಿದ್ದ ಹಳ್ಳಿಗಳಲ್ಲಿತ್ತು. ಅದರ ಹೆಸರು ಕೂಲಿ ಬೇಗಾರ್.

ಕುಮಾವೂನಿನಲ್ಲಿ ಪ್ರವಾಸ ಹೊರಟ ಅಧಿಕಾರಿ, ಬೇಟೆಗೆ ಹೊರಟ ಸಾಹೇಬ, ಹಿಮಶಿಖರ ನೋಡಲು ಹೊರಟ ಯಾತ್ರಿಕ ಯಾರೇ ಆಗಲಿ, ಸಾಮಾನು ಹೊರುವ ಹೊಣೆ ದಾರಿಯ ಹಳ್ಳಿಗಳದ್ದು. ಇದಕ್ಕೆ ಮೂರು ಮುಖ. ಅಲ್ಪಸ್ವಲ್ಪ ಕೂಲಿ ಕೊಟ್ಟು ಕಡ್ಡಾಯವಾಗಿ ಹೊರಿಸಿದರೆ 'ಉತಾರ್'. ಏನೂ ಕೊಡದೆ ದುಡಿಸಿದರೆ 'ಬೇಗಾರ್'. ಬಿಡಾರಕ್ಕೆ ಬೇಕಾದ ಹಾಲು, ತುಪ್ಪ, ಸೌದೆ, ಹುಲ್ಲು, ಧಾನ್ಯ ಒದಗಿಸುವುದು 'ಬರ್ದಾಯಿಶ್'. ಚಂದ್ ಅರಸರ ಮತ್ತು ಗೂರ್ಖರ ಕಾಲದಲ್ಲೂ ಇದು ಇತ್ತು. ಬ್ರಿಟಿಷರು ಇದನ್ನು ತೆಗೆಯಲಿಲ್ಲ, ಪುಸ್ತಕದಲ್ಲಿ ಬರೆದಿಟ್ಟುಕೊಂಡು ಪಕ್ಕಾ ಮಾಡಿದರು. ಹಳ್ಳಿಯ ಪಟೇಲನಂಥ ಪಧಾನನ ಬಳಿ ಕೂಲಿ ರಿಜಿಸ್ಟರ್ ಇರುತ್ತಿತ್ತು. ನೆಲದ ಹಿಡುವಳಿ ಇದ್ದವರ ಹೆಸರೆಲ್ಲ ಅದರಲ್ಲಿ. ಸರದಿ ಬಂದವನು ಬಿತ್ತನೆಯ ಕಾಲವೇ ಆಗಿರಲಿ, ಮನೆಯಲ್ಲಿ ಹೆಣವೇ ಇರಲಿ, ಹೊರೆಗೆ ಹೆಗಲು ಕೊಡಬೇಕು. ಬಾರದಿದ್ದರೆ ದಂಡ. ಮೇಲುಜಾತಿಯವರೂ ಇದರಿಂದ ಹೊರತಾಗಿರಲಿಲ್ಲ. ಸಾಹೇಬನ ಶೌಚಪಾತ್ರೆಯೂ ಸಾಮಾನಿನ ಭಾಗವಾಗಿ ಹೆಗಲೇರುತ್ತಿತ್ತು.

ಇಂಗ್ಲಿಷಿನಲ್ಲಿ ಬಂದ ಹಿಮಾಲಯ ಪ್ರವಾಸದ ಪುಸ್ತಕಗಳಲ್ಲಿ ಕೂಲಿಗಳು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಕಾಣಿಸುತ್ತಾರೆ. ನಗುನಗುತ್ತ ಹೊರುವ ಮುಗ್ಧರಾಗಿ, ಇಲ್ಲವೆ ಸಮಯಕ್ಕೆ ಬಾರದ ಸೋಮಾರಿಗಳಾಗಿ. ಬಾರದಿದ್ದವನ ಹೊಲದಲ್ಲಿ ಗೋಧಿ ಕೊಯ್ಲಿಗೆ ಬಂದಿತ್ತೇನೋ ಎಂಬ ಅನುಮಾನ ಅಲ್ಲಿ ಅಪರೂಪ.

ಸರಯೂ ನದಿಗೆ ಎಸೆದ ಲೆಕ್ಕ

ಪ್ರತಿರೋಧ ಒಂದೇ ದಿನದಲ್ಲಿ ಹುಟ್ಟಲಿಲ್ಲ. 1903ರಲ್ಲಿ ಅಲ್ಮೋರಾ ಹತ್ತಿರದ ಖತ್ಯಾಡಿ ಹಳ್ಳಿಯವರು ಹೊರುವುದಿಲ್ಲವೆಂದು ನಿಂತರು. 1914ರಲ್ಲಿ ಕಾಶೀಪುರದ ಯುವ ವಕೀಲ ಗೋವಿಂದ ವಲ್ಲಭ ಪಂತ್, ಅಧಿಕಾರಿಗಳ ಸಾಮಾನನ್ನು ಬಿಟ್ಟಿಯಾಗಿ ಹೊರಬೇಕೆಂಬ ಕಟ್ಟಳೆಯನ್ನು ಪ್ರಶ್ನಿಸಿದ ಹಳ್ಳಿಗರ ಪರ ನಿಂತರು. 1916ರಲ್ಲಿ ಕುಮಾವೂನ್ ಪರಿಷತ್ತು ಹುಟ್ಟಿಕೊಂಡಿತು. ಬೇಗಾರಿನ ವಿರುದ್ಧ ಬರೆಯುತ್ತಿದ್ದ 'ಅಲ್ಮೋರಾ ಅಖ್‌ಬಾರ್' 1918ರಲ್ಲಿ ಸರಕಾರದ ಒತ್ತಡದಿಂದ ನಿಂತಿತು. ಅದರ ಸಂಪಾದಕ ಬದರೀದತ್ತ ಪಾಂಡೆ ಅದೇ ವರ್ಷ 'ಶಕ್ತಿ' ಎಂಬ ವಾರಪತ್ರಿಕೆ ಹೊರಡಿಸಿದರು. ವರ್ಷ ವರ್ಷವೂ ಪರಿಷತ್ತಿನ ಸಭೆಗಳಲ್ಲಿ ಮನವಿಗಳು ಮಂಡನೆಯಾದವು. ಸರಕಾರ ಅವನ್ನು ಸ್ವೀಕರಿಸಿ ಕಪಾಟಿನಲ್ಲಿ ಇಟ್ಟಿತು.

ನೈನಿತಾಲಿನಿಂದ ನೂರು ಕಿಲೋಮೀಟರಿಗೂ ದೂರದಲ್ಲಿ, ಸರಯೂ ಮತ್ತು ಗೋಮತಿ ನದಿಗಳ ಸಂಗಮದಲ್ಲಿ ಬಾಗೇಶ್ವರ ಎಂಬ ಊರಿದೆ. ಮಕರ ಸಂಕ್ರಾಂತಿಗೆ ಅಲ್ಲಿ ಉತ್ತರಾಯಣಿ ಜಾತ್ರೆ. ಬೆಟ್ಟದ ಮೂಲೆಮೂಲೆಯಿಂದ ಜನ ಸೇರುತ್ತಾರೆ. 1921ರ ಜನವರಿಯ ಜಾತ್ರೆಗೆ ಬದರೀದತ್ತ ಪಾಂಡೆ, ಹರಗೋವಿಂದ ಪಂತ್, ಚಿರಂಜಿಲಾಲ್ ಮೊದಲಾದವರು ಹೋದರು. ಸಾವಿರಾರು ಜನ ಸಂಗಮದಲ್ಲಿ ನಿಂತು ಸರಯೂ ನೀರನ್ನು ಕೈಯಲ್ಲಿ ಹಿಡಿದು ಇನ್ನು ಮುಂದೆ ಹೊರುವುದಿಲ್ಲವೆಂದು ಆಣೆಯಿಟ್ಟರು. ಪಧಾನರು ತಾವು ತಂದಿದ್ದ ಕೂಲಿ ರಿಜಿಸ್ಟರುಗಳನ್ನು ಒಂದೊಂದಾಗಿ ನದಿಗೆ ಎಸೆದರು. ಡೆಪ್ಯುಟಿ ಕಮಿಷನರ್ ಪೊಲೀಸರೊಂದಿಗೆ ಅಲ್ಲೇ ಇದ್ದ. ಗುಂಡು ಹಾರಲಿಲ್ಲ. ಅಷ್ಟು ಜನರೆದುರು ಹಾರಿಸುವ ಧೈರ್ಯವೂ, ಅದಕ್ಕೆ ಬೇಕಾದ ಮದ್ದುಗುಂಡೂ ಅವನಲ್ಲಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರು ಸಾಹೇಬರ ಬಂಗಲೆ ಸುಡಲಿಲ್ಲ, ಡಾಂಡಿ ಮುರಿಯಲಿಲ್ಲ. ನೀರಿಗೆ ಎಸೆದದ್ದು ಹೆಸರಿನ ಪಟ್ಟಿಯನ್ನು. ಎಂಬತ್ತು ವರ್ಷಗಳ ಹಿಂದೆ ನರಸಿಂಗನನ್ನು ನೀರಿನ ನಡುವೆ ಹೆದರಿಸಿ ಬರೆಸಿಕೊಂಡಿದ್ದರು. ಈಗ ಅದೇ ಬೆಟ್ಟದ ಜನ ಬರಹವನ್ನೇ ನೀರಿಗೆ ಬಿಟ್ಟರು. ಜಾತ್ರೆ ಮುಗಿಸಿ ಊರಿಗೆ ಮರಳಿದ ಜನರೊಂದಿಗೆ ಸುದ್ದಿಯೂ ಹಳ್ಳಿ ಹಳ್ಳಿಗೆ ಹೋಯಿತು. ಹೊರಲು ಜನ ಸಿಗದೆ ಅಧಿಕಾರಿಗಳ ಪ್ರವಾಸಗಳು ನಿಂತವು. ಸರಕಾರ ಪದ್ಧತಿಯನ್ನು ಕೈಬಿಟ್ಟು ಹೊರೆಗೆ ಹಣ ಕೊಡುವ ವ್ಯವಸ್ಥೆ ಮಾಡಬೇಕಾಯಿತು. ಒಂದು ಹನಿ ರಕ್ತ ಚೆಲ್ಲದೆ ಬಂದ ಈ ಜಯ ಗಾಂಧೀಜಿಯವರ ಮೆಚ್ಚುಗೆ ಪಡೆಯಿತು. 1929ರಲ್ಲಿ ಅವರು ನೈನಿತಾಲ್, ಅಲ್ಮೋರಾ ದಾಟಿ ಬಾಗೇಶ್ವರಕ್ಕೂ ಬಂದು ಹೋದರು.

'ಬೇಗಾರ್' ಪಾರಸಿಯಿಂದ ಬಂದ ಪದ. ನಮ್ಮ ಹಳ್ಳಿಗಳ ಬಾಯಲ್ಲಿ ಅದು 'ಬೇಗಾರಿ'. ಅದಕ್ಕೂ ಹಳೆಯದು 'ಬಿಟ್ಟಿ'. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಈ ಪದ ಕರ್ನಾಟಕದ ಶಾಸನಗಳಲ್ಲೇ ಇದೆ. ಎರಡು ಬೇರೆ ಬೇರೆ ಭಾಷೆಗಳಿಂದ ಬಂದ ಎರಡು ಪದಗಳನ್ನು 'ಬಿಟ್ಟಿ ಬೇಗಾರಿ' ಎಂದು ಒಂದೇ ಉಸಿರಿನಲ್ಲಿ ಹೇಳುವ ಕನ್ನಡಿಗನಿಗೆ ಕುಮಾವೂನಿನ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಅರಸರು ಬದಲಾದರು, ಆಡಳಿತದ ಭಾಷೆ ಬದಲಾಯಿತು, ಹೊರುವವನು ಬದಲಾಗಲಿಲ್ಲ ಎಂಬುದಕ್ಕೆ ಈ ಜೋಡಿಪದವೇ ಸಾಕ್ಷಿ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುವಾಗ ಇಂಗ್ಲಿಷ್ ಪಠ್ಯದಲ್ಲೂ 'ಬೇಗಾರ್' ಎಂಬ ಪದವನ್ನೇ ಇಟ್ಟುಕೊಂಡಿದೆ. ಇಷ್ಟಾದರೂ 2020ರ ನವೆಂಬರಿನಲ್ಲಿ ಕರ್ನಾಟಕ ಸರಕಾರ 'ಬಿಟ್ಟಿ ಚಾಕರಿ'ಯೂ ಜೀತವೇ ಎಂದು ಸ್ಪಷ್ಟಪಡಿಸಿ ಆದೇಶ ಹೊರಡಿಸಬೇಕಾಯಿತು.

ಈಗಿನ ಹೊರೆ

ಸ್ವಾತಂತ್ರ್ಯಾನಂತರ ನೈನಿತಾಲಿನ ಮಾಲ್ ರಸ್ತೆಗೆ ಗೋವಿಂದ ವಲ್ಲಭ ಪಂತ್ ಮಾರ್ಗ ಎಂದು ಹೆಸರಿಟ್ಟರು. ಹೊರೆ ಹೊರುವುದಿಲ್ಲವೆಂದವರ ಪರ ವಾದಿಸಿದ ವಕೀಲ ಮುಂದೆ ಉತ್ತರಪ್ರದೇಶದ ಮುಖ್ಯಮಂತ್ರಿಯಾಗಿ, ಸಾಹೇಬರ ರಸ್ತೆಯ ಹೆಸರಾಗಿ ಉಳಿದರು. ಬೇಸಿಗೆ ಸರಕಾರದ ಸಚಿವಾಲಯದ ಕಟ್ಟಡ 2000ದಲ್ಲಿ ಉತ್ತರಾಖಂಡ ರಾಜ್ಯ ಹುಟ್ಟಿದಾಗ ಹೈಕೋರ್ಟಾಯಿತು. ಮೇಲಿನ ಮಾಲ್, ಕೆಳಗಿನ ಮಾಲ್ ಎರಡರಲ್ಲೂ ಈಗ ಎಲ್ಲರೂ ನಡೆಯುತ್ತಾರೆ. ಇದು ಸಣ್ಣ ಗೆಲುವಲ್ಲ.

ಹೊರುವವರು ಮಾತ್ರ ಈಗಲೂ ಇದ್ದಾರೆ. ಪಶ್ಚಿಮ ನೇಪಾಳದ ಡೋಟಿ ಕಡೆಯಿಂದ ಬರುವ 'ಡೋಟಿಯಾಲ'ರು ಹಣೆಗೆ ಪಟ್ಟಿ ಬಿಗಿದು ಪ್ರವಾಸಿಗರ ಸೂಟ್‌ಕೇಸ್, ಗ್ಯಾಸ್ ಸಿಲಿಂಡರ್, ಸಿಮೆಂಟು, ಇಟ್ಟಿಗೆಗಳನ್ನು ಕಡಿದಾದ ದಾರಿಗಳಲ್ಲಿ ಹೊರುತ್ತಾರೆ. ಇವರನ್ನು ಯಾರೂ ರಿಜಿಸ್ಟರಿನಲ್ಲಿ ಬರೆದು ಎಳೆತಂದಿಲ್ಲ. ಕೂಲಿಗೆ ಬಂದವರು, ಚೌಕಾಸಿ ಮಾಡುವ ಹಕ್ಕಿರುವವರು. ಬೇಗಾರಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಆದರೆ ಹೊರಿಸುತ್ತಿದ್ದ ರಿಜಿಸ್ಟರಿನ 'ಸರದಿ'ಯ ಕೆಲಸವನ್ನು ಈಗ ಡೋಟಿಯ ಬಡತನ ಮಾಡುತ್ತಿದೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ಹೊರೆಯನ್ನು ಈಗ ಬೆಟ್ಟವೇ ಹೊತ್ತಿದೆ. ಬೇಸಿಗೆಯ ರಜೆಯಲ್ಲಿ ಕಾರುಗಳ ಸಾಲು ಊರಿನ ಹೊರಗೇ ಗಂಟೆಗಟ್ಟಲೆ ನಿಲ್ಲುತ್ತದೆ. 2017ರ ಬೇಸಿಗೆಯಲ್ಲಿ ಕೆರೆಯ ನೀರು ಎಷ್ಟು ಇಳಿಯಿತೆಂದರೆ ದಂಡೆಯ ಉದ್ದಕ್ಕೂ ಒಣಗಿದ ಕೆಸರಿನ ಪಟ್ಟಿ ಕಾಣಿಸಿತು. 2018ರ ಆಗಸ್ಟಿನಲ್ಲಿ ಕೆಳಗಿನ ಮಾಲ್ ರಸ್ತೆಯ ಒಂದು ತುಂಡು ಕುಸಿದು ಕೆರೆಯೊಳಗೆ ಬಿತ್ತು. ಅಯಾರ್‌ಪಾಟಾ ಬೆಟ್ಟದ ಮೇಲೆ 'ಟಿಫಿನ್ ಟಾಪ್' ಎಂಬ ನೋಟದ ಜಾಗವಿದೆ. ಅಲ್ಲಿ ಕೆಲೆಟ್ ಎಂಬ ಸೇನಾಧಿಕಾರಿ ತೀರಿಹೋದ ಮಡದಿ ಡೊರೊಥಿಯ ನೆನಪಿಗೆ ಕಲ್ಲಿನ ಕಟ್ಟೆ ಕಟ್ಟಿಸಿದ್ದ. ತಲೆಮಾರುಗಳ ಕಾಲ ವಿಹಾರಿಗಳು ಕುಳಿತು ಬುತ್ತಿ ಬಿಚ್ಚಿದ ಆ 'ಡೊರೊಥಿ ಸೀಟ್' 2024ರ ಆಗಸ್ಟ್ 6ರ ರಾತ್ರಿ ಗುಡ್ಡದೊಂದಿಗೆ ಜಾರಿಹೋಯಿತು. 1880ರ ಕಾಲುವೆಗಳ ಪಾಠವನ್ನು ಊರು ಮರೆತಿದೆ ಎಂದು ಬೆಟ್ಟವೇ ನೆನಪಿಸುತ್ತಿರುವಂತಿದೆ.

ಮರೆವು ಬೆಟ್ಟದ ವಿಷಯದಲ್ಲಿ ಮಾತ್ರವಲ್ಲ. 2025ರ ಏಪ್ರಿಲ್ ಕೊನೆಯಲ್ಲಿ ಬಾಲಕಿಯೊಬ್ಬಳ ಮೇಲಿನ ಅತ್ಯಾಚಾರದ ಆರೋಪದಲ್ಲಿ ವೃದ್ಧನೊಬ್ಬನ ಬಂಧನವಾಯಿತು. ಆ ಮಗುವಿಗೆ ನ್ಯಾಯ ಸಿಗಬೇಕು, ಅಪರಾಧ ಸಾಬೀತಾದರೆ ಕಠಿಣ ಶಿಕ್ಷೆಯಾಗಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಆರೋಪಿ ಮುಸ್ಲಿಮನೆಂಬ ಒಂದೇ ಕಾರಣಕ್ಕೆ ಆ ರಾತ್ರಿ ಗುಂಪೊಂದು ಮಲ್ಲೀತಾಲಿನಲ್ಲಿ ಮುಸ್ಲಿಮರ ಅಂಗಡಿಗಳನ್ನು ಒಡೆಯಿತು, ಮಸೀದಿಯ ಕಡೆ ಕಲ್ಲು ತೂರಿತು. ಒಬ್ಬನ ಮೇಲಿನ ಆರೋಪವನ್ನು ಒಂದು ಸಮುದಾಯದ ತಲೆಯ ಮೇಲೆ ಹೊರಿಸುವುದು ಕೂಡ ಒಂದು ಬಗೆಯ ಬೇಗಾರಿಯೇ. ಅದರ ರಿಜಿಸ್ಟರಿನಲ್ಲಿ ಹೆಸರಿದ್ದರೆ ಸಾಕು, ಸರದಿ ಬರುತ್ತದೆ. ಆದರೆ ಅದೇ ಊರಿನ ಹಿಂದೂ ಹೆಣ್ಣುಮಗಳೊಬ್ಬಳು ಆ ಗುಂಪಿನೆದುರು ಒಬ್ಬಳೇ ನಿಂತು, ಬಡವರ ಅಂಗಡಿ ಏಕೆ ಒಡೆಯುತ್ತೀರಿ ಎಂದು ಕೇಳಿದಳು. ಬಾಗೇಶ್ವರದ ನೀರು ಕುಮಾವೂನಿನಲ್ಲಿ ಇನ್ನೂ ಬತ್ತಿಲ್ಲವೆಂದು ಆಗ ಅನಿಸಿತು.

ನೈನಿತಾಲಿಗೆ ಹೋಗುವವರು ಹೋಗಲಿ. ಕೆರೆ ಚೆಲುವಾಗಿದೆ, ಗಾಳಿ ತಂಪಾಗಿದೆ, ನಡೆಯುವುದು ಮೈಗೂ ಮನಸ್ಸಿಗೂ ಒಳ್ಳೆಯದು. ಕಾರನ್ನು ಬೆಟ್ಟದ ಕೆಳಗೇ ಬಿಟ್ಟು ಬಸ್ಸಿನಲ್ಲಿ ಹೋದರೆ ಬೆಟ್ಟದ ಹೊರೆ ಅಷ್ಟರಮಟ್ಟಿಗೆ ಕಡಿಮೆ. ತಲ್ಲೀತಾಲಿನಿಂದ ಹೊರಟು ಮೇಲಿನ ಮಾಲಿನಲ್ಲಿ ನಡೆಯಬಹುದು, ಈಗ ತಡೆಯುವವರಿಲ್ಲ. ಫ್ಲಾಟ್ಸ್ ಬಯಲು ದಾಟುವಾಗ ಪಾದದಡಿಯ ಮಣ್ಣಿನಲ್ಲಿ ಹೆಸರು ಉಳಿಯದ 108 ಜನರ ಕತೆಯಿದೆ. ಮುಂದೆ ಠಂಡೀ ಸಡಕಿನಲ್ಲಿ, ಎಡಕ್ಕೆ ಕಾಣುವ ನೀರಿನ ನಡುವೆ ಎಲ್ಲೋ ನರಸಿಂಗ್ ಸಹಿ ಹಾಕಿದ ಜಾಗ. ಹಿಂದೆ ಬಾಳಿದವರ ಗತಿಯನ್ನು ನೋಡುವ ಸಂಚಾರ ಎಂಬ ಹಳೆಯ ಅರ್ಥ 'ಸೈರ್' ಪದಕ್ಕೆ ಮರಳಿ ಬರಲು ಆ ಮೂರೂವರೆ ಕಿಲೋಮೀಟರ್ ಸಾಕು.